ವಾರ್ಡಿನಲ್ಲಿ ಪೇಶೆಂಟ್ ಹದಗೆಡುವುದನ್ನು ಮೊದಲೇ ಗುರುತಿಸುವುದು: ನರ್ಸ್‌ಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಹೊಸದಾಗಿ ಡ್ಯೂಟಿಗೆ ಸೇರಿದ ಸ್ಟಾಫ್ ನರ್ಸ್‌ಗಳು, ನರ್ಸಿಂಗ್ ವಿದ್ಯಾರ್ಥಿಗಳು, ಕೆಲವೊಮ್ಮೆ ಪೇಶೆಂಟ್ ಮನೆಯವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇನೆ. ಎಲ್ಲವೂ ದೊಡ್ಡವರ ವಾರ್ಡಿಗೆ ಸೇರಿದ್ದು. ಮಕ್ಕಳ ಲೆಕ್ಕ ಬೇರೆ, ಬಾಣಂತಿಯರ ಲೆಕ್ಕವೂ ಬೇರೆ. ಡೋಸ್ ಮತ್ತು ಕ್ರಮದ ವಿಷಯದಲ್ಲಿ ನಿಮ್ಮ ಆಸ್ಪತ್ರೆಯ ಪ್ರೋಟೋಕಾಲ್ ಏನು ಹೇಳುತ್ತದೋ ಅದನ್ನೇ ಹಿಡಿಯಿರಿ.

## ಮೊದಲ ಪಾಠಗಳು

ಕ್ಲಿನಿಕಲ್ ಜಡ್ಜ್‌ಮೆಂಟ್ ಅಂದ್ರೆ ಡಾಕ್ಟರ್ ಕೆಲಸ ಅಲ್ವಾ? ನಮಗ್ಯಾಕೆ?

ರೌಂಡ್ಸ್‌ನಲ್ಲಿ ಡಾಕ್ಟರ್ ಒಂದು ಬೆಡ್ ಹತ್ತಿರ ನಿಲ್ಲುವುದು ಕೆಲವೇ ನಿಮಿಷ. ಉಳಿದ ಹೊತ್ತೆಲ್ಲ ಆ ಬೆಡ್ ನಿಮ್ಮ ಕಣ್ಣೆದುರಿಗೇ ಇರುತ್ತದೆ. ಕಾಯಿಲೆ ಯಾವುದು ಎಂದು ಹೇಳುವುದು ಡಾಕ್ಟರ್ ಕೆಲಸ, ಸರಿ. ಆದರೆ ಈ ಮನುಷ್ಯ ಬೆಳಿಗ್ಗೆ ಇದ್ದ ಹಾಗೆ ಈಗ ಇಲ್ಲ ಎಂದು ಗುರುತಿಸುವುದು, ಅದು ಎಷ್ಟು ಅರ್ಜೆಂಟ್ ಎಂದು ತೂಗುವುದು, ಯಾರನ್ನು ಕರೆಯಬೇಕು ಎಂದು ತೀರ್ಮಾನಿಸುವುದು ನಿಮ್ಮ ಕೆಲಸ. ವಾರ್ಡಿನಲ್ಲಿ ಹೃದಯ ನಿಂತುಹೋದವರ ಚಾರ್ಟ್ ತೆಗೆದು ನೋಡಿ. ಬಹಳಷ್ಟು ಸಲ ಕೆಲವು ಗಂಟೆ ಮುಂಚೆಯೇ ಉಸಿರು, ನಾಡಿ, ಪ್ರಜ್ಞೆ ಬದಲಾಗಲು ಶುರುವಾಗಿರುತ್ತದೆ.

ಅಮೆರಿಕದ ನರ್ಸಿಂಗ್ ಪ್ರಾಧ್ಯಾಪಕಿ ಕ್ರಿಸ್ಟೀನ್ ಟ್ಯಾನರ್ 2006ರಲ್ಲಿ ಇದನ್ನು ನಾಲ್ಕು ಹಂತವಾಗಿ ಬಿಡಿಸಿದರು: ಗಮನಿಸುವುದು, ಅರ್ಥ ಮಾಡಿಕೊಳ್ಳುವುದು, ಕ್ರಮ ತೆಗೆದುಕೊಳ್ಳುವುದು, ಆಮೇಲೆ ಹಿಂತಿರುಗಿ ನೋಡುವುದು. ಪರೀಕ್ಷೆಗೆ ನಾಲ್ಕನ್ನೂ ಬಾಯಿಪಾಠ ಮಾಡುತ್ತೇವೆ. ವಾರ್ಡಿನಲ್ಲಿ ಕೈಕೊಡುವುದು ಮಾತ್ರ ಹೆಚ್ಚಾಗಿ ಮೊದಲನೆಯದೇ. ನೋಡದೇ ಇದ್ದದ್ದನ್ನು ಅರ್ಥ ಮಾಡಿಕೊಳ್ಳುವುದಾದರೂ ಹೇಗೆ?

ವೈಟಲ್ಸ್‌ನಲ್ಲಿ (ನಾಡಿ, ಉಸಿರು, ಬಿಪಿ, ಜ್ವರದಂಥ ಅಳತೆಗಳಲ್ಲಿ) ಯಾವುದಕ್ಕೆ ಜಾಸ್ತಿ ಬೆಲೆ ಕೊಡಬೇಕು?

ಉಸಿರಾಟದ ಎಣಿಕೆಗೆ. ನಾವು ಅತಿ ಹೆಚ್ಚು ಸುಳ್ಳು ಬರೆಯುವುದೂ ಅದನ್ನೇ. ಯಾವುದೇ ವಾರ್ಡಿನ ಟಿಪಿಆರ್ ಚಾರ್ಟ್ (ಜ್ವರ, ನಾಡಿ, ಉಸಿರು ಬರೆಯುವ ಹಾಳೆ) ತಿರುವಿ ಹಾಕಿ: ಬೆಡ್ 1ಕ್ಕೆ 20, ಬೆಡ್ 2ಕ್ಕೆ 20, ಬೆಡ್ 17ಕ್ಕೂ 20. ಆಸ್ತಮಾದವರಿಗೂ 20, ಹರ್ನಿಯಾ ಆಪರೇಶನ್‌ಗೆ ಕಾಯುತ್ತಿರುವವರಿಗೂ 20. ಬಿಪಿ, ನಾಡಿ, ಸ್ಯಾಚುರೇಶನ್‌ಗೆ (ರಕ್ತದಲ್ಲಿನ ಆಕ್ಸಿಜನ್ ಮಟ್ಟಕ್ಕೆ) ಮೆಷಿನ್ ಇದೆ. ಉಸಿರು ಎಣಿಸಲು ನಿಮ್ಮ ವಾಚ್ ಮತ್ತು ಒಂದು ಪೂರ್ತಿ ನಿಮಿಷ ಬೇಕು. ಅದಕ್ಕೇ ಅದು ತಪ್ಪಿಹೋಗುತ್ತದೆ.

ದೇಹದಲ್ಲಿ ಏನೇ ಎಡವಟ್ಟಾದರೂ, ಅದು ಸೋಂಕಾಗಲಿ, ರಕ್ತಸ್ರಾವವಾಗಲಿ, ಶುಗರ್ ಏರಿ ರಕ್ತ ಆಮ್ಲವಾಗಿರುವುದಾಗಲಿ, ಉಸಿರು ಬೇಗ ಏರುತ್ತದೆ. 12ರಿಂದ 20 ಸಾಮಾನ್ಯ. 25 ದಾಟಿದರೆ ಬೇರೆಲ್ಲ ಸರಿ ಇದ್ದರೂ ಸುಮ್ನೆ ಬಿಡಬೇಡಿ. ಎಣಿಸುವಾಗ ಪೇಶೆಂಟ್‌ಗೆ ಹೇಳಬೇಡಿ, ಹೇಳಿದರೆ ಉಸಿರಾಡುವ ರೀತಿಯೇ ಬದಲಾಗುತ್ತದೆ. ನಾಡಿ ಹಿಡಿದ ಕೈಯನ್ನು ಹಾಗೇ ಹಿಡಿದುಕೊಂಡು ಎದೆ ನೋಡುತ್ತಾ ಎಣಿಸಿ. ಅವರು ಒಂದು ವಾಕ್ಯ ಪೂರ್ತಿ ಹೇಳುತ್ತಿದ್ದಾರಾ, ನಡುವೆ ಉಸಿರು ಎಳೆದುಕೊಳ್ಳುತ್ತಿದ್ದಾರಾ ಎಂಬುದೂ ಅಷ್ಟರಲ್ಲೇ ಗೊತ್ತಾಗುತ್ತದೆ.

ಬಿಪಿ ನಾರ್ಮಲ್ ಇದೆ, ಆದ್ರೂ ಸೀನಿಯರ್ ಸಿಸ್ಟರ್ ಓಡಾಡ್ತಿದ್ರು. ಯಾಕೆ?

ಬಿಪಿ ಕೊನೆಗೆ ಬೀಳುವ ನಂಬರ್. ರಕ್ತ ಕಡಿಮೆಯಾದರೆ ದೇಹ ಮೊದಲು ನಾಡಿಯನ್ನು ಓಡಿಸುತ್ತದೆ, ಕೈಕಾಲಿನ ರಕ್ತನಾಳಗಳನ್ನು ಬಿಗಿ ಹಿಡಿಯುತ್ತದೆ. ಬಿಪಿ ಸ್ವಲ್ಪ ಹೊತ್ತು ಹಾಗೇ ನಿಲ್ಲುತ್ತದೆ. ಆ ಹೊತ್ತಿನಲ್ಲಿ ಪಾದ ಮುಟ್ಟಿದರೆ ತಣ್ಣಗಿರುತ್ತದೆ, ಯೂರೋಬ್ಯಾಗ್‌ನಲ್ಲಿ (ಮೂತ್ರದ ಚೀಲದಲ್ಲಿ) ಮೂತ್ರ ಕಡಿಮೆ ಇರುತ್ತದೆ, ಪೇಶೆಂಟ್ ಸುಮ್ಮಸುಮ್ಮನೆ ಚಡಪಡಿಸುತ್ತಿರುತ್ತಾರೆ. ಗಂಟೆಗೆ ಕೆಜಿಗೆ ಅರ್ಧ ಎಂಎಲ್ ಮೂತ್ರ ಎಂಬುದು ನೆನಪಿಡುವ ಲೆಕ್ಕ. 60 ಕೆಜಿ ಇರುವವರಿಗೆ ಗಂಟೆಗೆ 30 ಎಂಎಲ್.

ಇನ್ನೂ ಎರಡು ವಿಷಯ. ದಿನಾ 160 ಇರುವ ಬಿಪಿ ಪೇಶೆಂಟ್‌ಗೆ 110 ಬಂದರೆ ಅದು ನಾರ್ಮಲ್ ಅಲ್ಲ, ಅವರ ಪಾಲಿಗೆ ಅದು ಕಡಿಮೆ. ಮೆಟೊಪ್ರೊಲಾಲ್, ಅಟೆನಲಾಲ್ ತರಹದ, ನಾಡಿಯನ್ನು ನಿಧಾನ ಮಾಡುವ ಮಾತ್ರೆ ನುಂಗುವವರಲ್ಲಿ ರಕ್ತ ಹೋಗುತ್ತಿದ್ದರೂ ನಾಡಿ ಅಷ್ಟಾಗಿ ಏರುವುದಿಲ್ಲ. ಹಾಗಾಗಿ ನಂಬರ್ ನೋಡುವ ಮುಂಚೆ ಅವರ ಹಳೇ ನಂಬರ್ ಮತ್ತು ಅವರ ಮಾತ್ರೆ ಪಟ್ಟಿ ನೋಡಿ.

ಸ್ಯಾಚುರೇಶನ್ 97 ತೋರಿಸ್ತಿದೆ, ಆದ್ರೆ ಪೇಶೆಂಟ್ ಏದುಸಿರು ಬಿಡ್ತಿದ್ದಾರೆ. ಯಾವುದನ್ನು ನಂಬಬೇಕು?

ಪೇಶೆಂಟನ್ನು. ಆಕ್ಸಿಜನ್ ಹಾಕಿದ್ದರೆ ಸ್ಯಾಚುರೇಶನ್ ಚೆನ್ನಾಗಿಯೇ ತೋರಿಸಬಹುದು. ಕೈ ತಣ್ಣಗಿದ್ದರೆ, ಉಗುರಿಗೆ ಬಣ್ಣ ಇದ್ದರೆ, ಬೆರಳಿಗೆ ಸಿಕ್ಕಿಸುವ ಪ್ರೋಬ್ ಸಡಿಲವಾಗಿದ್ದರೆ ನಂಬರ್ ನೆಚ್ಚಿಕೊಳ್ಳುವಂಥದ್ದಲ್ಲ. ಕಪ್ಪು ಬಣ್ಣದವರಲ್ಲಿ ಈ ಮೆಷಿನ್ ನಿಜಕ್ಕಿಂತ ಸ್ವಲ್ಪ ಜಾಸ್ತಿ ತೋರಿಸಬಹುದು ಎಂಬುದೂ ಗೊತ್ತಿರಲಿ. ಬೀಡಿ ಸೇದಿ ಶ್ವಾಸಕೋಶ ಹಾಳಾದ ಸಿಒಪಿಡಿಯವರಿಗೆ ಡಾಕ್ಟರ್ ಸಾಮಾನ್ಯವಾಗಿ 88ರಿಂದ 92ರ ಗುರಿ ಇಡುತ್ತಾರೆ. ಅಂಥವರಿಗೆ 99 ಬರಲಿ ಎಂದು ಆಕ್ಸಿಜನ್ ಏರಿಸಿದರೆ ರಕ್ತದಲ್ಲಿ ಇಂಗಾಲದ ಡೈ ಆಕ್ಸೈಡ್ ಹೆಚ್ಚಿ, ಮಂಕಾಗಿ ಮಲಗಿಬಿಡಬಹುದು.

ನ್ಯೂಸ್ ಸ್ಕೋರ್ ಅಂತಾರಲ್ಲ, ಏನದು? ನಮ್ಮ ಆಸ್ಪತ್ರೇಲಿ ಅಂಥ ಚಾರ್ಟೇ ಇಲ್ಲ.

ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ 2012ರಲ್ಲಿ ತಂದ, ಪೇಶೆಂಟ್ ಎಷ್ಟು ಕೆಡುತ್ತಿದ್ದಾರೆ ಎಂದು ಅಂಕದಲ್ಲಿ ಹೇಳುವ ಪಟ್ಟಿ ಇದು. 2017ರಲ್ಲಿ ತಿದ್ದಿದ್ದು ನ್ಯೂಸ್ 2. ಉಸಿರು, ಸ್ಯಾಚುರೇಶನ್, ಮೇಲಿನ ಬಿಪಿ, ನಾಡಿ, ಪ್ರಜ್ಞೆ, ಜ್ವರ, ಈ ಆರಕ್ಕೂ 0ರಿಂದ 3ರ ಒಳಗೆ ಅಂಕ. ಆಕ್ಸಿಜನ್ ಹಾಕಿದ್ದರೆ ಇನ್ನೆರಡು. ಮೊತ್ತ 5 ಆದರೆ ಡಾಕ್ಟರ್ ಬೇಗ ಬಂದು ನೋಡಬೇಕು. 7 ಅಥವಾ ಅದಕ್ಕಿಂತ ಜಾಸ್ತಿಯಾದರೆ ಎಮರ್ಜೆನ್ಸಿ. ಯಾವುದಾದರೂ ಒಂದರಲ್ಲೇ 3 ಬಂದರೂ ತಿಳಿಸಬೇಕು.

ಒಂದು ಲೆಕ್ಕ ಹಾಕಿ ನೋಡೋಣ. ಕಾಲಿನ ಸೋಂಕಿಗೆ ಅಡ್ಮಿಟ್ ಆದ 58ರ ಹೆಂಗಸು, ಶುಗರ್ ಇದೆ. ಬೆಳಿಗ್ಗೆ ನಾಡಿ 88, ಉಸಿರು 18, ಬಿಪಿ 128, ಜ್ವರ 100 ಡಿಗ್ರಿ, ಸ್ಯಾಚುರೇಶನ್ 97. ಸ್ಕೋರ್ ಸೊನ್ನೆ. ಮಧ್ಯಾಹ್ನ ನಾಡಿ 104, ಉಸಿರು 22, ಬಿಪಿ 108, ಜ್ವರ 101, ಸ್ಯಾಚುರೇಶನ್ 95. ಒಂದೊಂದೇ ನೋಡಿದರೆ ಯಾವುದೂ ಹೆದರಿಸುವ ನಂಬರ್ ಅಲ್ಲ, ಅಲ್ವಾ? ಕೂಡಿಸಿ: ನಾಡಿಗೆ 1, ಉಸಿರಿಗೆ 2, ಬಿಪಿಗೆ 1, ಜ್ವರಕ್ಕೆ 1, ಸ್ಯಾಚುರೇಶನ್‌ಗೆ 1. ಮೊತ್ತ 6. ಸೋಂಕು ರಕ್ತಕ್ಕೆ ಹರಡುತ್ತಿರಬಹುದು. ಈಗಲೇ ಕರೆದರೆ ಕಲ್ಚರ್ (ಯಾವ ಕ್ರಿಮಿ ಎಂದು ತಿಳಿಯುವ ರಕ್ತ ಪರೀಕ್ಷೆ) ತೆಗೆದು ಆಂಟಿಬಯೋಟಿಕ್ ಹಾಕಲು ಸಮಯ ಇದೆ.

ಚಾರ್ಟ್ ಇಲ್ಲದಿದ್ದರೂ ನಿಮ್ಮ ಜೇಬಿನಲ್ಲಿ ಒಂದು ಕಾರ್ಡ್ ಇಟ್ಟುಕೊಳ್ಳಲು ಯಾರ ಅನುಮತಿಯೂ ಬೇಡ. ಆದರೆ ಸ್ಕೋರ್ ಕಡಿಮೆ ಇದೆ ಎಂದು ಕೂತುಬಿಡಬೇಡಿ. ಮನಸ್ಸಿಗೆ ಏನೋ ಸರಿ ಇಲ್ಲ ಅನಿಸಿದರೆ ಸ್ಕೋರ್ 1 ಇದ್ದರೂ ಕರೆಯಬಹುದು.

## ನಮ್ಮ ವಾರ್ಡುಗಳಲ್ಲಿ ಬರುವ ಕೇಸುಗಳು

ಡೆಂಗಿ ಪೇಶೆಂಟ್‌ಗೆ ಜ್ವರ ಬಿಟ್ಟಿದೆ. ಇನ್ನು ಆರಾಮ ಅಲ್ವಾ?

ಮಳೆಗಾಲದಲ್ಲಿ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಅಪಾಯ ಶುರುವಾಗುವುದೇ ಆಗ. ಮೂರರಿಂದ ಏಳನೇ ದಿನದ ಒಳಗೆ ಜ್ವರ ಇಳಿಯುತ್ತದೆ. ಆ ಹೊತ್ತಿಗೆ ಕೆಲವರಲ್ಲಿ ರಕ್ತನಾಳಗಳಿಂದ ನೀರಿನಂಶ ಹೊರಗೆ ಸೋರುತ್ತದೆ. ಈ ಅವಧಿ 24ರಿಂದ 48 ಗಂಟೆ. ಮನೆಯವರು ಜ್ವರ ಬಿಟ್ಟಿತೆಂದು ಡಿಸ್ಚಾರ್ಜ್ ಕೇಳುವುದೂ ಸರಿಯಾಗಿ ಆಗಲೇ.

ಎಲ್ಲರೂ ಪ್ಲೇಟ್‌ಲೆಟ್ ಎಷ್ಟು ಎಂದು ಕೇಳುತ್ತಾರೆ. ನೀವು ಬಿಪಿಯ ಎರಡು ನಂಬರ್‌ಗಳ ನಡುವಿನ ಅಂತರ ನೋಡಿ. 100/84 ಎಂದು ಬಂದರೆ ಮೇಲಿನ ನಂಬರ್ 100 ಇದೆಯಲ್ಲ ಎಂದು ಸಮಾಧಾನ ಪಡಬೇಡಿ. ಅಂತರ 16 ಮಾತ್ರ. ಅದು 20 ಅಥವಾ ಅದಕ್ಕಿಂತ ಕಡಿಮೆಗೆ ಬಂದರೆ ಶಾಕ್‌ನ ಸೂಚನೆ. ಜೊತೆಗೆ ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಿನಲ್ಲಿ ರಕ್ತ, ಮಂಕು, ಪಿಸಿವಿ (ರಕ್ತ ಎಷ್ಟು ಗಟ್ಟಿಯಾಗಿದೆ ಎಂಬ ಅಳತೆ) ಏರುವುದು ಮತ್ತು ಅದೇ ಹೊತ್ತಿಗೆ ಪ್ಲೇಟ್‌ಲೆಟ್ ಬೇಗ ಇಳಿಯುವುದು, ಇವುಗಳಲ್ಲಿ ಯಾವುದು ಕಂಡರೂ ಡಾಕ್ಟರ್‌ಗೆ ತಿಳಿಸಿ. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ. ಡೈಕ್ಲೋಫೆನಾಕ್, ಐಬುಪ್ರೊಫೇನ್ ಬೇಡ, ಸ್ನಾಯುವಿಗೆ ಇಂಜೆಕ್ಷನ್ ಬೇಡ. ಪಪ್ಪಾಯಿ ಎಲೆ ರಸ ಕುಡಿಸುತ್ತಿದ್ದರೆ ಬೈಯಬೇಡಿ. ಬೈದರೆ ಕದ್ದು ಕುಡಿಸುತ್ತಾರೆ, ಆಮೇಲೆ ವಾಂತಿ ಯಾಕೆ ಬಂತು ಎಂದು ನಿಮಗೆ ಗೊತ್ತಾಗುವುದಿಲ್ಲ.

ಸೋರುವಿಕೆ ನಿಂತ ಮೇಲೆ ಆ ನೀರು ಮತ್ತೆ ರಕ್ತಕ್ಕೆ ಬರುತ್ತದೆ. ಆಗಲೂ ಡ್ರಿಪ್ ಹಳೇ ವೇಗದಲ್ಲೇ ಹೋಗುತ್ತಿದ್ದರೆ ಪೇಶೆಂಟ್‌ಗೆ ಏದುಸಿರು ಬರುತ್ತದೆ. ಮೂತ್ರ ಚೆನ್ನಾಗಿ ಹೋಗಲು ಶುರುವಾದರೆ, ಡ್ರಿಪ್ ಕಡಿಮೆ ಮಾಡಬೇಕಾ ಎಂದು ನೀವೇ ಕೇಳಿ.

ಬೆಳೆಗೆ ಹೊಡೆಯೋ ಔಷಧಿ ಕುಡಿದು ಬಂದವರು. ಎರಡು ದಿನ ಆಯ್ತು, ಮಾತಾಡ್ತಿದ್ದಾರೆ. ಇನ್ನೇನು ನೋಡಬೇಕು?

ಕುತ್ತಿಗೆ ನೋಡಿ. ಆರ್ಗನೋಫಾಸ್ಫರಸ್ ವಿಷದಲ್ಲಿ ಮೊದಲ ದಿನದ ಜೊಲ್ಲು, ಬೆವರು, ಎದೆಯ ಗೊರಗೊರ ಎಲ್ಲ ಕಡಿಮೆಯಾಗಿ, ಇನ್ನು ಪರವಾಗಿಲ್ಲ ಅನ್ನುವಾಗ, ಅಂದರೆ 24ರಿಂದ 96 ಗಂಟೆಯ ನಡುವೆ, ಸ್ನಾಯುಗಳು ಸೋಲಬಹುದು. ಮೊದಲು ಸೋಲುವವುಗಳಲ್ಲಿ ಕುತ್ತಿಗೆಯ ಸ್ನಾಯು ಒಂದು. ಪ್ರತಿ ಸಲ ವೈಟಲ್ಸ್ ನೋಡುವಾಗ ಒಂದು ಮಾತು ಹೇಳಿ: "ಅಣ್ಣಾ, ದಿಂಬಿನಿಂದ ತಲೆ ಸ್ವಲ್ಪ ಎತ್ತಿ ಹಾಗೇ ಹಿಡ್ಕೊಳ್ಳಿ." ಬೆಳಿಗ್ಗೆ ಎತ್ತಿದವರು ಮಧ್ಯಾಹ್ನ ಎತ್ತಲಾಗದೆ ಭುಜ ಅಲ್ಲಾಡಿಸಿದರೆ ಅಲ್ಲಿಂದಲೇ ಡಾಕ್ಟರನ್ನು ಕರೆಯಿರಿ. ಒಂದೇ ಉಸಿರಿನಲ್ಲಿ ಒಂದು, ಎರಡು, ಮೂರು ಎಂದು ಎಷ್ಟರವರೆಗೆ ಎಣಿಸುತ್ತಾರೆ ಎಂದೂ ಬರೆದಿಡಿ. ನಿನ್ನೆ 25, ಇವತ್ತು 11 ಎಂದರೆ ಉಸಿರಿನ ಸ್ನಾಯು ಸೋಲುತ್ತಿದೆ. ಸ್ಯಾಚುರೇಶನ್ ಇಳಿಯುವವರೆಗೆ ಕಾದರೆ ತಡವಾಯಿತು.

ಈ ವಿಷಕ್ಕೆ ಕೊಡುವ ಅಟ್ರೋಪಿನ್ ಸಾಕಾಯಿತೇ ಎಂದು ನೋಡುವಾಗ ಕಣ್ಣಿನ ಪಾಪೆಯನ್ನೇ ನೆಚ್ಚಬೇಡಿ. ಎದೆ ಕೇಳಿ, ನಾಡಿ, ಬಿಪಿ ನೋಡಿ. ಮೈ ಬಿಸಿ, ಬಾಯಿ ಒಣಗಿ, ಗಾಳಿಯಲ್ಲಿ ಏನೋ ಹಿಡಿಯುವಂತೆ ಕೈ ಆಡಿಸುತ್ತಿದ್ದರೆ ಅಟ್ರೋಪಿನ್ ಜಾಸ್ತಿಯಾಗಿರಬಹುದು.

ಇನ್ನೊಂದು ಅಷ್ಟೇ ಮುಖ್ಯ. ಈ ಪೇಶೆಂಟ್ ಯಾಕೆ ಕುಡಿದರು ಎಂದು ವಾರ್ಡಿನಲ್ಲಿ ಎಲ್ಲರೂ ಪಿಸುಗುಟ್ಟುತ್ತಾರೆ, ಅವರನ್ನು ಯಾರೂ ಕೇಳುವುದಿಲ್ಲ. "ಈಗಲೂ ಸಾಯಬೇಕು ಅನಿಸ್ತಿದೆಯಾ?" ಎಂದು ಮೆತ್ತಗೆ, ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ಒಬ್ಬರನ್ನೇ ಬಿಡಬೇಡಿ, ಮನೋವೈದ್ಯರಿಗೆ ರೆಫರ್ ಆಗದೆ ಡಿಸ್ಚಾರ್ಜ್ ಆಗಲು ಬಿಡಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಇಂಥವರನ್ನು ತೀವ್ರ ಒತ್ತಡದಲ್ಲಿ ಇದ್ದವರೆಂದೇ ಪರಿಗಣಿಸುತ್ತದೆ. ಮನೆಗೆ ಹೋಗುವಾಗ ಟೆಲಿ ಮಾನಸ್‌ನ (ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯ) 14416 ನಂಬರ್ ಬರೆದು ಕೊಡಿ. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಹಾವು ಕಚ್ಚಿದವರು ನಿದ್ದೆ ಮಾಡ್ತಿದ್ದಾರೆ. ಸುಮ್ನೆ ಎಬ್ಬಿಸೋದು ಯಾಕೆ?

ಅದು ನಿದ್ದೆಯೋ, ರೆಪ್ಪೆ ಎತ್ತಲಾಗದೆ ಇರುವುದೋ ಎಂದು ತಿಳಿಯಲು. ಕಟ್ಟು ಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ನೋವು, ಬಾವು ಹೆಚ್ಚೇನೂ ಇರುವುದಿಲ್ಲ. ಕಚ್ಚಿದ ಗುರುತೂ ಸಿಗದೆ, ಬರೀ ಹೊಟ್ಟೆನೋವು ಎಂದು ಬಂದವರೂ ಇದ್ದಾರೆ. ಎಬ್ಬಿಸಿ ಮೇಲೆ ನೋಡಲು ಹೇಳಿ. ಹುಬ್ಬು ಏರಿಸಿ ರೆಪ್ಪೆ ಎಳೆಯಲು ಒದ್ದಾಡಿದರೆ, ಎರಡೆರಡು ಕಾಣುತ್ತದೆ ಎಂದರೆ, ನುಂಗಲು ಕಷ್ಟ ಎಂದರೆ ವಿಷ ನರಗಳಿಗೆ ಏರಿದೆ.

ಕೊಳಕುಮಂಡಲದ ವಿಷ ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ. ಅದಕ್ಕೆ 20 ನಿಮಿಷದ ಪರೀಕ್ಷೆ. ಶುದ್ಧವಾದ, ಒಣಗಿದ ಗಾಜಿನ ಟ್ಯೂಬಿನಲ್ಲಿ 2 ಎಂಎಲ್ ರಕ್ತ ಹಾಕಿ, ಅಲುಗಾಡಿಸದೆ ಇಟ್ಟು, 20 ನಿಮಿಷ ಆದ ಮೇಲೆ ಹೆಪ್ಪುಗಟ್ಟಿದೆಯಾ ಎಂದು ಬಗ್ಗಿಸಿ ನೋಡುವುದು. ಪ್ಲಾಸ್ಟಿಕ್ ಟ್ಯೂಬ್ ಆಗದು, ಸೋಪಿನ ನೀರಲ್ಲಿ ತೊಳೆದ ಟ್ಯೂಬೂ ಆಗದು. ಎರಡರಲ್ಲೂ ಉತ್ತರ ತಪ್ಪು ಬರುತ್ತದೆ. ಮೊದಲ ಸಲ ಸರಿ ಬಂತೆಂದು ಬಿಡದೆ, ಡಾಕ್ಟರ್ ಹೇಳಿದ ಹೊತ್ತಿಗೆ ಮತ್ತೆ ಮಾಡಿ. ವಿಷನಿರೋಧಕ ಶುರು ಮಾಡುವ ಮುಂಚೆ, ಅಲರ್ಜಿ ಆದರೆ ಕೊಡಲು ಅಡ್ರಿನಲಿನ್ ಬೆಡ್ ಹತ್ತಿರವೇ ಇರಲಿ. ಕರ್ನಾಟಕದಲ್ಲಿ 2024ರಿಂದ ಹಾವು ಕಡಿತ ಕಡ್ಡಾಯವಾಗಿ ವರದಿ ಮಾಡಬೇಕಾದ ಕೇಸ್, ಆ ಫಾರ್ಮ್ ಮರೆಯಬೇಡಿ.

ಎದೆ ಉರಿ, ಗ್ಯಾಸ್ಟ್ರಿಕ್ ಅಂತಾರೆ. ಪ್ಯಾಂಟಪ್ (ಹೊಟ್ಟೆಯ ಆಸಿಡ್ ಕಡಿಮೆ ಮಾಡುವ ಔಷಧಿ) ಕೊಟ್ಟು ನೋಡಬಹುದಾ?

ಇಸಿಜಿ ಮೊದಲು. ಹತ್ತು ನಿಮಿಷದ ಒಳಗೆ ತೆಗೆದು ಡಾಕ್ಟರ್ ಕೈಗೆ ಕೊಡಿ. ನಮ್ಮ ಕಡೆ ಹೊಕ್ಕಳ ಮೇಲಿನ ಯಾವ ತೊಂದರೆಗೂ ಗ್ಯಾಸ್ಟ್ರಿಕ್ ಎನ್ನುವ ಒಂದೇ ಹೆಸರು. ಶುಗರ್ ಇರುವವರಿಗೆ, ಹೆಂಗಸರಿಗೆ, ವಯಸ್ಸಾದವರಿಗೆ ಹಾರ್ಟ್ ಅಟ್ಯಾಕ್ ಬರೀ ಸುಸ್ತು, ಬೆವರು, ವಾಂತಿಯಾಗಿಯೂ ಬರಬಹುದು. ಮೊದಲ ಇಸಿಜಿ ಸರಿ ಇದ್ದು ನೋವು ಮುಂದುವರಿದರೆ ಮತ್ತೊಮ್ಮೆ ತೆಗೆಯಿರಿ.

ಅಜ್ಜ ಹಗಲು ಸರಿ ಇದ್ರು, ರಾತ್ರಿ ಎದ್ದು ಹಸು ಕಟ್ಟಬೇಕು ಅಂತಿದ್ದಾರೆ. ವಯಸ್ಸಾದ ಮೇಲೆ ಹೀಗೇ ಅಲ್ವಾ?

ಅಲ್ಲ. ಒಂದೆರಡು ದಿನದಲ್ಲಿ ಶುರುವಾದ ಗೊಂದಲ ಡೆಲಿರಿಯಂ, ಅದರ ಹಿಂದೆ ಕಾರಣ ಇರುತ್ತದೆ. ಮೊದಲು ಜಿಆರ್‌ಬಿಎಸ್ (ಬೆರಳು ಚುಚ್ಚಿ ನೋಡುವ ಶುಗರ್) ನೋಡಿ, ಸ್ಯಾಚುರೇಶನ್ ನೋಡಿ. ಹೊಟ್ಟೆಯ ಕೆಳಗೆ ಮುಟ್ಟಿ ನೋಡಿ, ಮೂತ್ರ ಕಟ್ಟಿಕೊಂಡಿರಬಹುದು. ಮಲವಾಗಿ ಎಷ್ಟು ದಿನವಾಯಿತು? ಹೊಸ ಮಾತ್ರೆ ಯಾವುದು ಶುರುವಾಗಿದೆ? ಸೋಡಿಯಂ ಎಷ್ಟಿದೆ? ಹೊಸ ಗೊಂದಲಕ್ಕೆ ನ್ಯೂಸ್ 2ರಲ್ಲಿ ಪೂರ್ತಿ 3 ಅಂಕ.

ಕೂಗಾಡುವವರು ಎಲ್ಲರ ಕಣ್ಣಿಗೂ ಬೀಳುತ್ತಾರೆ. ಮಾತಿಲ್ಲದೆ, ಊಟ ಬೇಡವೆಂದು, ಗೋಡೆ ಕಡೆ ತಿರುಗಿ ಮಲಗುವ ಅಜ್ಜಿಗೂ ಅದೇ ಡೆಲಿರಿಯಂ ಇರಬಹುದು, ಆಕೆಯನ್ನು ಎಲ್ಲರೂ ಒಳ್ಳೇ ಪೇಶೆಂಟ್ ಎನ್ನುತ್ತಾರೆ. ಕೈ ಕಟ್ಟಿಹಾಕಿದರೆ ಗೊಂದಲ ಜಾಸ್ತಿಯಾಗುತ್ತದೆ. ಕನ್ನಡಕ ಹಾಕಿ, ಒಂದು ದೀಪ ಉರಿಯಲಿ, ಮನೆಯವರೊಬ್ಬರು ಪಕ್ಕ ಇರಲಿ.

ಸೈಡ್ ರೇಲ್ ಹಾಕಿದ್ವಿ, ಆದ್ರೂ ಬಿದ್ದುಬಿಟ್ರು.

ರೇಲ್ ದಾಟಲು ಹೋಗಿಯೇ ಬಿದ್ದಿರುತ್ತಾರೆ, ಅದೂ ಎತ್ತರದಿಂದ. ರಾತ್ರಿ ಬೀಳುವವರಲ್ಲಿ ಬಹಳ ಜನ ಬಾತ್‌ರೂಮಿಗೆ ಹೊರಟವರು. ಮಲಗುವ ಮುಂಚೆ ಒಮ್ಮೆ ಕರೆದುಕೊಂಡು ಹೋಗಿ. ಲೇಸಿಕ್ಸ್ (ಮೂತ್ರ ಜಾಸ್ತಿ ಮಾಡುವ ಔಷಧಿ) ಸಂಜೆಗೆ ಬರೆದಿದ್ದರೆ ಹೊತ್ತು ಬದಲಿಸಬಹುದಾ ಎಂದು ಕೇಳಿ. ಬೆಡ್ ಕೆಳಗಿಳಿಸಿ. ರಕ್ತ ತೆಳು ಮಾಡುವ ಮಾತ್ರೆ ನುಂಗುವವರು ಬಿದ್ದರೆ, ತಲೆಗೆ ಏಟು ಬಿದ್ದಂತೆ ಕಾಣದಿದ್ದರೂ ತಿಳಿಸಿ.

## ಔಷಧಿ ಮತ್ತು ರಕ್ತ

ಇನ್ಸುಲಿನ್ ಸಿರಿಂಜ್ ಎರಡು ಥರ ಇದೆ. ಯಾವುದಾದ್ರೂ ಒಂದೇ ಅಲ್ವಾ?

ಖಂಡಿತ ಅಲ್ಲ. ನಮ್ಮ ದೇಶದಲ್ಲಿ ಇದು ಇನ್ನೂ ಬಗೆಹರಿಯದ ತಲೆನೋವು. ಬಾಟಲಿ ಇನ್ಸುಲಿನ್ ಹೆಚ್ಚಾಗಿ ಎಂಎಲ್‌ಗೆ 40 ಯೂನಿಟ್. ಪೆನ್ ಕಾರ್ಟ್ರಿಜ್ ಮತ್ತು ಕೆಲವು ಬಾಟಲಿಗಳು ಎಂಎಲ್‌ಗೆ 100 ಯೂನಿಟ್. 40ರ ಸಿರಿಂಜ್‌ಗೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ ಮುಚ್ಚಳ. ಮುಚ್ಚಳ ಕಿತ್ತೆಸೆದ ಮೇಲೆ ಎರಡೂ ಅಕ್ಕತಂಗಿಯರ ಹಾಗೆ ಕಾಣುತ್ತವೆ.

ಆರ್ಡರ್ 20 ಯೂನಿಟ್ ಎಂದುಕೊಳ್ಳಿ. 40ರ ಬಾಟಲಿಯಿಂದ 100ರ ಸಿರಿಂಜ್‌ನಲ್ಲಿ 20ರ ಗೆರೆಗೆ ಎಳೆದರೆ ಒಳಗೆ ಬಂದದ್ದು 0.2 ಎಂಎಲ್, ಅಂದರೆ 8 ಯೂನಿಟ್. ಶುಗರ್ ಇಳಿಯುವುದಿಲ್ಲ, ಮರುದಿನ ಡೋಸ್ ಏರಿಸುತ್ತಾರೆ. ಅದಲುಬದಲಾಗಿ 100ರ ಇನ್ಸುಲಿನ್ನನ್ನು 40ರ ಸಿರಿಂಜ್‌ನಲ್ಲಿ 20ರ ಗೆರೆಗೆ ಎಳೆದರೆ 0.5 ಎಂಎಲ್, ಅಂದರೆ 50 ಯೂನಿಟ್. ಎರಡೂವರೆ ಪಟ್ಟು! ಬಾಟಲಿಯ ಮೇಲಿನ ನಂಬರ್ ಮತ್ತು ಸಿರಿಂಜ್ ಮೇಲಿನ ನಂಬರ್ ಎರಡನ್ನೂ ಜೋರಾಗಿ ಓದಿ, ಇನ್ನೊಬ್ಬರಿಗೆ ತೋರಿಸಿ. ಡಿಸ್ಚಾರ್ಜ್ ದಿನ ಮನೆಯವರ ಕೈಯಲ್ಲೇ ಎಳೆಸಿ ನೋಡಿ. ಊರಿನ ಮೆಡಿಕಲ್ ಶಾಪಿನಲ್ಲಿ ಕೈಗೆ ಸಿಕ್ಕಿದ ಸಿರಿಂಜ್ ಕೊಡುವುದುಂಟು. ಇಂಜೆಕ್ಷನ್ ಕೊಡುವ ಮುಂಚೆ ಊಟದ ತಟ್ಟೆ ಬಂದಿದೆಯಾ ಎಂದೂ ನೋಡಿ.

ಪೊಟ್ಯಾಶಿಯಂ ಬಗ್ಗೆ ಎಲ್ಲರೂ ಅಷ್ಟು ಹೆದರಿಸ್ತಾರೆ, ಯಾಕೆ?

ನೇರವಾಗಿ ರಕ್ತನಾಳಕ್ಕೆ ಕೊಟ್ಟರೆ ಹೃದಯ ನಿಲ್ಲುತ್ತದೆ, ಅದಕ್ಕೆ. 10 ಎಂಎಲ್‌ನ ಆಂಪೂಲ್‌ನಲ್ಲಿ 20 ಮಿಲಿ ಈಕ್ವಿವಲೆಂಟ್ ಇರುತ್ತದೆ, ನೋಡಲು ಡಿಸ್ಟಿಲ್ಡ್ ವಾಟರ್ ಆಂಪೂಲ್‌ನಂತೆಯೇ. ಎರಡನ್ನೂ ಒಂದೇ ಟ್ರೇಯಲ್ಲಿ ಇಡುವ ವಾರ್ಡ್ ಕಂಡರೆ ನನಗೆ ಸಿಟ್ಟು ಬರುತ್ತದೆ. ಬೇರೆ ಬೀಗದ ಕಪಾಟು, ಮೇಲೆ ಕೆಂಪು ಚೀಟಿ, ಇಷ್ಟೇ ಸಾಕು. ಯಾವಾಗಲೂ ಬಾಟಲಿಗೆ ಹಾಕಿಯೇ ಕೊಡಬೇಕು. ಹಾಕಿದ ಮೇಲೆ ಬಾಟಲಿಯನ್ನು ನಾಲ್ಕಾರು ಸಲ ತಲೆಕೆಳಗು ಮಾಡಿ ಬೆರೆಸಿ, ಇಲ್ಲದಿದ್ದರೆ ತಳದಲ್ಲಿ ಕೂತದ್ದು ಮೊದಲೇ ಹೋಗಿಬಿಡುತ್ತದೆ. ಕೈನರದಲ್ಲಿ ಸಾಮಾನ್ಯ ವಾರ್ಡಿನ ಮಿತಿ ಗಂಟೆಗೆ 10 ಮಿಲಿ ಈಕ್ವಿವಲೆಂಟ್. ಮೂತ್ರ ಹೋಗುತ್ತಿದೆಯಾ ಎಂದು ನೋಡಿ ಶುರು ಮಾಡಿ.

ಫೈವ್ ರೈಟ್ಸ್ ಎಲ್ಲ ನೋಡ್ತೀವಿ. ಆದ್ರೂ ಔಷಧಿ ತಪ್ಪು ಯಾಕಾಗುತ್ತೆ?

ಸರಿಯಾದ ಪೇಶೆಂಟ್, ಔಷಧಿ, ಡೋಸ್, ದಾರಿ, ಹೊತ್ತು, ಈ ಐದೇ ಫೈವ್ ರೈಟ್ಸ್. ಅದನ್ನು ನೋಡುವ ರೀತಿಯಲ್ಲಿ ತೊಂದರೆ ಇದೆ. "ನೀವು ಮಂಜುಳಾ ಅಲ್ವಾ?" ಎಂದು ಕೇಳಿದರೆ ಕಿವಿ ಸರಿ ಕೇಳದ ಅಜ್ಜಿ ಹೂಂ ಎನ್ನುತ್ತಾರೆ. ವಾರ್ಡಿನಲ್ಲಿ ಇನ್ನೊಬ್ಬ ಮಂಜುಳಾ ಇದ್ದರೆ ಮುಗಿಯಿತು. "ನಿಮ್ಮ ಹೆಸರೇನಮ್ಮಾ? ಯಜಮಾನರ ಹೆಸರು?" ಎಂದು ಕೇಳಿ, ಅವರ ಬಾಯಿಂದಲೇ ಬರಲಿ. ಆಮೇಲೆ ಕೈಪಟ್ಟಿಯ ಐಪಿ ನಂಬರ್ (ಅಡ್ಮಿಟ್ ಆದಾಗ ಕೊಟ್ಟ ನಂಬರ್). ಬೆಡ್ ನಂಬರನ್ನು ಗುರುತಾಗಿ ಇಟ್ಟುಕೊಳ್ಳಲೇಬೇಡಿ, ಬೆಡ್ ಬದಲಾಗುತ್ತಿರುತ್ತದೆ.

ಎರಡನೇ ಕಾರಣ ಅಡ್ಡಿ. ಔಷಧಿ ಎಳೆಯುವಾಗ ಫೋನ್, ಅಟೆಂಡರ್, ಎಕ್ಸ್‌ರೇ ಚೀಟಿ. ಯಾರಾದರೂ ಕರೆದರೆ ಎಳೆಯುತ್ತಿದ್ದದ್ದನ್ನು ಮುಗಿಸಿ ಹೋಗಿ, ಆಗದಿದ್ದರೆ ಬಂದು ಮೊದಲಿನಿಂದ ಶುರು ಮಾಡಿ. ಲೇಬಲ್ ಇಲ್ಲದ ಸಿರಿಂಜ್ ಟ್ರೇಯಲ್ಲಿ ಕಂಡರೆ ಅದರಲ್ಲಿ ಏನಿದೆ ಎಂದು ಯಾರು ಆಣೆ ಮಾಡಿ ಹೇಳಿದರೂ ಚೆಲ್ಲಿಬಿಡಿ.

ರಕ್ತ ಹಾಕುವಾಗ ಎಷ್ಟು ಹೊತ್ತು ಪಕ್ಕದಲ್ಲೇ ನಿಲ್ಲಬೇಕು?

ಮೊದಲ 15 ನಿಮಿಷ. ಗ್ರೂಪ್ ಹೊಂದದ ರಕ್ತದ ಕೆಟ್ಟ ರಿಯಾಕ್ಷನ್ ಹೆಚ್ಚಾಗಿ ಆಗಲೇ ತೋರುತ್ತದೆ. ಚಳಿ, ಸೊಂಟನೋವು, ಎದೆ ಬಿಗಿತ, "ಏನೋ ಆಗ್ತಿದೆ ಸಿಸ್ಟರ್" ಎನ್ನುವ ಭಯ, ಯಾವುದೇ ಇರಲಿ, ಮೊದಲು ನಿಲ್ಲಿಸಿ. ಸೆಟ್ ಬದಲಿಸಿ ನಾರ್ಮಲ್ ಸಲೈನ್ ಹಾಕಿ, ಡಾಕ್ಟರನ್ನು ಕರೆಯಿರಿ, ಬ್ಯಾಗ್ ಎಸೆಯದೆ ಬ್ಲಡ್ ಬ್ಯಾಂಕಿಗೆ ಕಳಿಸಿ. ತಣ್ಣಗಿದೆ ಎಂದು ಬಿಸಿನೀರಲ್ಲಿ ಇಡಬೇಡಿ, ಕಣಗಳು ಒಡೆಯುತ್ತವೆ. ಒಂದು ಬ್ಯಾಗ್ 4 ಗಂಟೆಯ ಒಳಗೆ ಮುಗಿಯಬೇಕು.

## ಹೇಳುವುದು, ಬರೆಯುವುದು

ರಾತ್ರಿ 2 ಗಂಟೆಗೆ ಡ್ಯೂಟಿ ಡಾಕ್ಟರ್‌ಗೆ ಫೋನ್ ಮಾಡಿದ್ರೆ ಬೈತಾರೆ. ಹೇಗೆ ಹೇಳೋದು?

"ಡಾಕ್ಟರ್, ಬೆಡ್ 12 ಯಾಕೋ ಸರಿ ಇಲ್ಲ" ಎಂದರೆ ಬೈಗುಳ ಗ್ಯಾರಂಟಿ. ಎಸ್‌ಬಾರ್ ಎಂಬ ಕ್ರಮ ಇದಕ್ಕೇ ಇರುವುದು. ಅಮೆರಿಕದ ನೌಕಾಪಡೆಯ ಜಲಾಂತರ್ಗಾಮಿಗಳಲ್ಲಿ ಬಳಸುತ್ತಿದ್ದದ್ದನ್ನು ಆಸ್ಪತ್ರೆಗೆ ತಂದರು. ಈಗ ಏನಾಗಿದೆ, ಹಿನ್ನೆಲೆ ಏನು, ನನಗೆ ಏನನಿಸುತ್ತದೆ, ನಿಮ್ಮಿಂದ ಏನು ಬೇಕು. ಕನ್ನಡದಲ್ಲಿ ಹೀಗೆ ಬರುತ್ತದೆ:

"ಡಾಕ್ಟರ್, ಫೀಮೇಲ್ ಮೆಡಿಕಲ್ ವಾರ್ಡಿನ ಸ್ಟಾಫ್ ನರ್ಸ್ ಮಾತಾಡ್ತಿದೀನಿ. ಬೆಡ್ 12ರವರಿಗೆ ಉಸಿರು 28, ಸ್ಯಾಚುರೇಶನ್ 90. ಮೊನ್ನೆ ನ್ಯುಮೋನಿಯಾಗೆ ಅಡ್ಮಿಟ್ ಆದವರು, ಶುಗರ್ ಇದೆ. ಸಂಜೆ 6ಕ್ಕೆ ಉಸಿರು 20, ಸ್ಯಾಚುರೇಶನ್ 95 ಇತ್ತು. ಬೇಗ ಕೆಡ್ತಿದ್ದಾರೆ ಅನ್ಸುತ್ತೆ. ನೀವು ಈಗಲೇ ಬಂದು ನೋಡಬೇಕು. ಆಕ್ಸಿಜನ್ ಹಾಕಿದೀನಿ, ಎಬಿಜಿಗೆ ರೆಡಿ ಮಾಡಲಾ?"

ಅರ್ಧ ನಿಮಿಷದ ಮಾತು. (ಎಬಿಜಿ ಎಂದರೆ ರಕ್ತದಲ್ಲಿನ ಆಕ್ಸಿಜನ್, ಇಂಗಾಲದ ಡೈ ಆಕ್ಸೈಡ್ ಅಳೆಯುವ ಪರೀಕ್ಷೆ.) ಫೋನ್ ಮಾಡುವ ಮುಂಚೆ ಕೇಸ್ ಶೀಟ್ ಕೈಯಲ್ಲಿರಲಿ. "ನೋಡ್ತಾ ಇರಿ" ಎಂದು ಉತ್ತರ ಬಂದರೆ ಮುಂದಿನ ಪ್ರಶ್ನೆ ನಿಮ್ಮದು: "ಸರಿ ಡಾಕ್ಟರ್, ಯಾವ ನಂಬರ್‌ಗೆ ಬಂದ್ರೆ ಮತ್ತೆ ಕರೀಲಿ? ಎಷ್ಟೊತ್ತಿಗೆ ಬರ್ತೀರಾ?" ಉತ್ತರವನ್ನು ಹೊತ್ತಿನ ಸಮೇತ ಬರೆಯಿರಿ. ಬರದಿದ್ದರೆ ಪಿಜಿ (ಸ್ನಾತಕೋತ್ತರ ಓದುತ್ತಿರುವ ಡಾಕ್ಟರ್), ಆಮೇಲೆ ಕನ್ಸಲ್ಟೆಂಟ್, ಜೊತೆಗೆ ನೈಟ್ ಸೂಪರ್‌ವೈಸರ್. ಇದು ಚಾಡಿ ಹೇಳಿದಂತೆ ಆಗುವುದಿಲ್ಲ. ಅವರ ಮೇಲೆ ಇನ್ನೊಬ್ಬರು ಇರುವುದೇ ಇದಕ್ಕಾಗಿ.

ಫೋನಿನಲ್ಲಿ ಆರ್ಡರ್ ಕೊಟ್ಟರೆ ಬರೆದುಕೊಂಡು, ಬರೆದದ್ದನ್ನು ತಿರುಗಿ ಓದಿ. ಫಿಫ್ಟೀನ್, ಫಿಫ್ಟಿ ಫೋನಿನಲ್ಲಿ ಒಂದೇ ಥರ ಕೇಳುತ್ತವೆ. "ಒಂದು ಐದು, ಹದಿನೈದು" ಎಂದು ಕನ್ನಡದಲ್ಲೇ ಕೇಳಿ ಖಾತ್ರಿ ಮಾಡಿಕೊಳ್ಳಿ.

ನಲವತ್ತು ಪೇಶೆಂಟ್‌ಗೆ ನಾವಿಬ್ಬರೇ. ಇದೆಲ್ಲ ಮಾಡೋಕೆ ಆಗುತ್ತಾ?

ನಲವತ್ತು ಜನಕ್ಕೂ ಒಂದೇ ಸಮ ಮಾಡಲು ಆಗುವುದಿಲ್ಲ, ಅದನ್ನು ಒಪ್ಪಿಕೊಳ್ಳೋಣ. ಹ್ಯಾಂಡೋವರ್ ಆದ ತಕ್ಷಣ ಔಷಧಿ ಟ್ರಾಲಿ ಹಿಡಿಯುವ ಮುಂಚೆ ವಾರ್ಡಿನಲ್ಲಿ ಒಂದು ಸುತ್ತು ಬನ್ನಿ. ಪ್ರತಿ ಬೆಡ್ ಮುಂದೆ ಮುಖ, ಉಸಿರು, ಡ್ರಿಪ್, ಯೂರೋಬ್ಯಾಗ್, ಡ್ರೆಸ್ಸಿಂಗ್ ಒಮ್ಮೆ ನೋಡಿದರೆ ಸಾಕು. ಆ ಸುತ್ತು ಮುಗಿಯುವಷ್ಟರಲ್ಲಿ ಇವತ್ತು ಕಣ್ಣಿಡಬೇಕಾದ ನಾಲ್ಕೈದು ಜನ ಯಾರು ಎಂದು ಗೊತ್ತಾಗಿರುತ್ತದೆ. ಇವತ್ತು ಆಪರೇಶನ್ ಆದವರು, ಐಸಿಯುವಿನಿಂದ ಈಗಷ್ಟೇ ಬಂದವರು ಆ ಪಟ್ಟಿಯಲ್ಲಿ ಇದ್ದೇ ಇರಬೇಕು.

ಜನ ಕಡಿಮೆ ಇರುವುದು ನಿಮ್ಮ ತಪ್ಪಲ್ಲ. ಅದನ್ನು ನಿಮ್ಮ ಚುರುಕುತನದಿಂದ ಮುಚ್ಚಿಡಲೂ ಬೇಡಿ. ಆ ಶಿಫ್ಟ್‌ನಲ್ಲಿ ಎಷ್ಟು ಪೇಶೆಂಟ್, ಎಷ್ಟು ಸ್ಟಾಫ್ ಎಂದು ರಿಪೋರ್ಟ್ ಬುಕ್‌ನಲ್ಲಿ ಬರೆಯಿರಿ.

ಹ್ಯಾಂಡೋವರ್ ಡೆಸ್ಕ್ ಹತ್ತಿರ ಕೊಟ್ರೆ ಬೇಗ ಮುಗಿಯುತ್ತೆ. ಬೆಡ್ ಹತ್ತಿರವೇ ಯಾಕೆ?

ಡೆಸ್ಕ್ ಹತ್ತಿರ "ಸ್ಟೇಬಲ್" ಎಂದು ಹೇಳಿದ ಪೇಶೆಂಟ್ ಬೆಡ್ ಹತ್ತಿರ ಹೋದರೆ ಬೆವರುತ್ತಿರಬಹುದು. ಎರಡು ಜೊತೆ ಕಣ್ಣು ಒಟ್ಟಿಗೆ ನೋಡಿದರೆ ಕ್ಯಾನುಲಾ ಜಾಗದ ಬಾವು, ಖಾಲಿಯಾದ ಆಕ್ಸಿಜನ್ ಸಿಲಿಂಡರ್, ಬೆನ್ನಿನ ಕೆಂಪು ಅಲ್ಲೇ ಸಿಗುತ್ತವೆ. ಎಚ್‌ಐವಿ, ಗರ್ಭಪಾತದಂಥ ವಿಷಯ ಮಾತ್ರ ಪಕ್ಕದ ಬೆಡ್‌ನವರಿಗೆ ಕೇಳದ ಹಾಗೆ ಹೇಳಿ.

ತಪ್ಪಾದ್ರೆ ಬರೆದುಕೊಡಬೇಕಾ? ಕೆಲಸ ಹೋಗಲ್ವಾ?

ಮೊದಲು ಪೇಶೆಂಟ್, ಆಮೇಲೆ ಡಾಕ್ಟರ್‌ಗೆ ತಿಳಿಸುವುದು, ಆಮೇಲೆ ಕಾಗದ. ಎನ್‌ಎಬಿಎಚ್ (ಆಸ್ಪತ್ರೆಗಳ ಗುಣಮಟ್ಟ ನೋಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಆಸ್ಪತ್ರೆಯಲ್ಲಿ ಇನ್ಸಿಡೆಂಟ್ ರಿಪೋರ್ಟ್ ವ್ಯವಸ್ಥೆ ಇರಲೇಬೇಕು. ಏನಾಯಿತು, ಎಷ್ಟು ಹೊತ್ತಿಗೆ, ಏನು ಮಾಡಿದಿರಿ, ಇಷ್ಟೇ ಬರೆಯಿರಿ. ಯಾರ ತಪ್ಪು ಎಂಬ ವಾದ ಅದರಲ್ಲಿ ಬೇಡ. ಇನ್ನೇನು ಆಗಿಯೇಬಿಡುತ್ತಿದ್ದ ತಪ್ಪು ಕೊನೇ ಗಳಿಗೆಯಲ್ಲಿ ತಪ್ಪಿದ್ದರೆ ಅದನ್ನೂ ಬರೆಯಿರಿ, ಅದರಿಂದಲೇ ಕಲಿಯಲು ಜಾಸ್ತಿ ಸಿಗುವುದು. ಬರೆದವರಿಗೇ ಮೆಮೋ ಕೊಡುವ ಆಸ್ಪತ್ರೆಗಳು ಇವೆ, ಇಲ್ಲ ಎನ್ನುವುದಿಲ್ಲ. ಅಂಥ ಕಡೆ ತಪ್ಪು ಕಡಿಮೆಯಾಗುವುದಿಲ್ಲ, ಕಾಗದಕ್ಕೆ ಬರುವುದು ಮಾತ್ರ ನಿಲ್ಲುತ್ತದೆ.

ಕೇಸ್ ಶೀಟ್ ತಿದ್ದುವಾಗ ವೈಟ್ನರ್ ಹಚ್ಚಬೇಡಿ. ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸಹಿ, ಹೊತ್ತು ಹಾಕಿ.

## ಸ್ವಲ್ಪ ಮುಂದಿನ ಪ್ರಶ್ನೆಗಳು

ನಾವು ಮನೆಯವರು. ನಮ್ಮ ಮಾತಿಗೆ ಬೆಲೆ ಇದೆಯಾ?

ಇದೆ. "ಇವರು ಹೀಗಿರೋರಲ್ಲ" ಎಂದು ಹೆಂಡತಿ ಹೇಳಿದರೆ ಅದೊಂದು ವೈಟಲ್ ಸೈನ್ ಎಂದೇ ನಾನು ಲೆಕ್ಕ ಹಾಕುತ್ತೇನೆ. ಆ ಮನುಷ್ಯನ ಮಾಮೂಲಿ ಹೇಗೆ ಎಂದು ಅವರಿಗೆ ಮಾತ್ರ ಗೊತ್ತು. ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ 2024ರಿಂದ ಮಾರ್ಥಾ ನಿಯಮ ಎಂಬುದು ಬಂದಿದೆ. ಪೇಶೆಂಟ್ ಕೆಡುತ್ತಿದ್ದಾರೆ ಅನಿಸಿದರೆ ಮನೆಯವರೇ ನೇರವಾಗಿ ಬೇರೆ ತಂಡವನ್ನು ಕರೆಸಬಹುದು. ನಮ್ಮಲ್ಲಿ ಅಂಥ ಫೋನ್ ನಂಬರ್ ಇಲ್ಲದಿದ್ದರೂ, ನಿಮಗೆ ಕಂಡದ್ದನ್ನು ಸಿಸ್ಟರ್‌ಗೆ ಬಿಡಿಸಿ ಹೇಳಿ: ಯಾವಾಗಿನಿಂದ, ಏನು ಬದಲಾಗಿದೆ. ಕೇಳಿಸಿಕೊಳ್ಳದಿದ್ದರೆ ಇನ್‌ಚಾರ್ಜ್ ಸಿಸ್ಟರ್ ಯಾರು ಎಂದು ಕೇಳಿ. ಒಂದು ಕೋರಿಕೆ: ಡ್ರಿಪ್ ವೇಗ, ಆಕ್ಸಿಜನ್ ತಿರುಪು ಮುಟ್ಟಬೇಡಿ.

ಜಡ್ಜ್‌ಮೆಂಟ್ ಬರೀ ಅನುಭವದಿಂದ ಬರುತ್ತಾ, ಅಭ್ಯಾಸ ಮಾಡಬಹುದಾ?

ಮಾಡಬಹುದು. ವೈಟಲ್ಸ್ ಹಿಡಿಯುವ ಮುಂಚೆ ಪೇಶೆಂಟ್ ಮುಖ ನೋಡಿ ನಾಡಿ, ಉಸಿರು ಎಷ್ಟಿರಬಹುದು ಎಂದು ಊಹಿಸಿ, ಆಮೇಲೆ ಎಣಿಸಿ. ಐಸಿಯುವಿಗೆ ಹೋದ ಪೇಶೆಂಟ್‌ನ ಚಾರ್ಟನ್ನು ಮರುದಿನ ತೆಗೆದು, ಮೊದಲ ಸುಳಿವು ಎಷ್ಟು ಹೊತ್ತಿಗೆ ಇತ್ತು ಎಂದು ಹುಡುಕಿ. ಡಾಕ್ಟರ್ ಬರೆದ ಆರ್ಡರ್ ಯಾಕೆ ಎಂದು ಗೊತ್ತಾಗದಿದ್ದರೆ ಕೇಳಿ. ಕೇಳಿದರೆ ಉರಿದುಬೀಳುವವರು ಇದ್ದಾರೆ, ಹೇಳಿಕೊಡುವವರೂ ಇದ್ದಾರೆ.

ಸೀನಿಯರ್‌ಗಳಿಂದಲೂ ತಪ್ಪಾಗೋದು ನೋಡಿದೀವಿ. ಅಷ್ಟು ಅನುಭವ ಇದ್ದೂ ಯಾಕೆ?

ಅನುಭವ ಬಂದ ಮೇಲೆ ಕಣ್ಣು ಬೇಗ ಗುರುತಿಸುತ್ತದೆ, ಅಷ್ಟೇ ಬೇಗ ಹಣೆಪಟ್ಟಿಯನ್ನೂ ಹಚ್ಚುತ್ತದೆ. "ಡ್ರಾಮಾ ಪೇಶೆಂಟ್", "ಪದೇ ಪದೇ ಬೆಲ್ ಒತ್ತೋರು", "ಕುಡುಕ". ಹಣೆಪಟ್ಟಿ ಬಿದ್ದ ಮೇಲೆ ಅವರು ಹೇಳಿದ್ದು ಯಾವುದೂ ಹೊಸ ಸುಳಿವಾಗಿ ಕೇಳುವುದಿಲ್ಲ. ಹಗಲಿನವರು ಕೊಟ್ಟ ಹೆಸರನ್ನೇ ರಾತ್ರಿಯವರು ಮುಂದುವರಿಸುತ್ತಾರೆ.

ಕುಡಿದು ಬಂದವರ ವಿಷಯದಲ್ಲಿ ಇದು ಅತಿ ಹೆಚ್ಚು. ತೊದಲು ಮಾತು, ತೂಕಡಿಕೆ ಎಲ್ಲ ಕುಡಿತದ್ದೇ ಎಂದು ಮೂಲೆ ಬೆಡ್‌ಗೆ ಹಾಕುತ್ತಾರೆ. ಬಿದ್ದು ತಲೆಯೊಳಗೆ ರಕ್ತ ಕಟ್ಟಿದ್ದರೂ ಹೀಗೇ ಕಾಣುತ್ತದೆ, ಶುಗರ್ ಇಳಿದಿದ್ದರೂ ಹೀಗೇ. ಬಂದ ತಕ್ಷಣ ಜಿಆರ್‌ಬಿಎಸ್, ಎರಡೂ ಪಾಪೆ, ಕೂದಲ ಒಳಗೆ ಕೈಯಾಡಿಸಿ ಏಟು ಇದೆಯಾ ಎಂದು ನೋಡುವುದು, ಈ ಮೂರನ್ನು ಬಿಡಬೇಡಿ. ಹೊತ್ತು ಹೋದಂತೆ ನಶೆ ಇಳಿಯಬೇಕು. ಗಂಟೆಗೊಮ್ಮೆ ಎಬ್ಬಿಸಿದಾಗ ಮೊದಲಿಗಿಂತ ಜಾಸ್ತಿ ಮಂಕಾಗಿದ್ದರೆ ಅದು ನಶೆಯಲ್ಲ.

ಕೊನೆ ಸಲ ಕುಡಿದದ್ದು ಯಾವ ದಿನ, ಎಷ್ಟು ಹೊತ್ತಿಗೆ ಎಂದು ಕೇಳಿ ಕೇಸ್ ಶೀಟ್‌ನಲ್ಲಿ ಬರೆಯಿರಿ. ಕೈ ನಡುಕ, ಬೆವರು, ನಾಡಿ ಏರುವುದು ಕುಡಿತ ನಿಂತ ಕೆಲವೇ ಗಂಟೆಗಳಲ್ಲಿ ಶುರುವಾಗಬಹುದು. ಇಲ್ಲದ್ದೆಲ್ಲ ಕಾಣುವ, ಜೀವಕ್ಕೇ ಅಪಾಯವಾಗುವ ಘಟ್ಟ ಬರುವುದು ಹೆಚ್ಚಾಗಿ 48ರಿಂದ 96 ಗಂಟೆಯ ನಡುವೆ. ಕಾಲು ಮುರಿದು ಆರ್ಥೋ ವಾರ್ಡಿಗೆ ಬಂದವರು ಮೂರನೇ ದಿನ ಟ್ರಾಕ್ಷನ್ ಕಿತ್ತುಕೊಂಡು ಎದ್ದು ಹೊರಟರೆ, ಸೆಕ್ಯುರಿಟಿಯವರನ್ನು ಕರೆಯುವ ಮುಂಚೆ ಆ ಹೊತ್ತನ್ನು ಲೆಕ್ಕ ಹಾಕಿ. ಥಯಾಮಿನ್ (ವಿಟಮಿನ್ ಬಿ1) ಬರೆದಿಲ್ಲದಿದ್ದರೆ ಡೆಕ್ಸ್‌ಟ್ರೋಸ್ (ಗ್ಲೂಕೋಸ್) ಡ್ರಿಪ್ ಏರಿಸುವ ಮುಂಚೆ ಡಾಕ್ಟರ್‌ಗೆ ನೆನಪಿಸಿ. ಶುಗರ್ ತೀರಾ ಇಳಿದಿದ್ದರೆ ಮಾತ್ರ ಕಾಯಬೇಡಿ, ಗ್ಲೂಕೋಸ್ ಮತ್ತು ಥಯಾಮಿನ್ ಒಟ್ಟಿಗೇ ಹೋಗಲಿ.